ಲಿಫ್ಟಿನವನ ಮೂವತ್ತು ಕಿಲೋಮೀಟರ್

ನನ್ನ ತಮ್ಮ ಕೂತಲ್ಲಿ ಕೂರುವವನಲ್ಲ. ಅಂಥವನಿಗೆ ಗಂಟುಬಿದ್ದದ್ದು ಸ್ಟೂಲಿನ ಮೇಲೆ ಕೂರುವ ಕೆಲಸ. ಹನ್ನೊಂದು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಅವನು ಲಿಫ್ಟ್ ನಡೆಸುತ್ತಾನೆ. ಹಳೆಯ ಲಿಫ್ಟು, ಜಾಲರಿ ಬಾಗಿಲಿನದು. ಒಳಗಿದ್ದವನೇ ಬಾಗಿಲೆಳೆದು ಹಿಡಿ ತಿರುಗಿಸಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮೇಲೆ, ಕೆಳಗೆ, ಮತ್ತೆ ಮೇಲೆ. ಇಪ್ಪತ್ತು ವರ್ಷವಾದರೂ ಒಂದು ಗೇಣು ಮುಂದೆ ಹೋಗದ ನೌಕರಿ ಎಂದು ನಾನೇ ಎಷ್ಟೋ ಸಲ ಕಾಲೆಳೆದಿದ್ದೇನೆ. ಅವನು ನಗುತ್ತಾನೆ, ನಗುತ್ತಲೇ ಎದ್ದು ಕಿಟಕಿಯ ಹತ್ತಿರ ಹೋಗುತ್ತಾನೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಊಟಕ್ಕೆ ಕೂತರೂ ಈಗಲೋ ಆಗಲೋ ಏಳುವವನ ಹಾಗೆಯೇ ಕೂರುತ್ತಾನೆ.

ಮೂವತ್ತೈದು ದಾಟಿದ ಮೇಲೆ ಓಡಲು ಶುರುಮಾಡಿದ. ಮೊದಲು ಬಸ್ ನಿಲ್ದಾಣದವರೆಗೆ, ಆಮೇಲೆ ರೈಲ್ವೆ ಗೇಟಿನವರೆಗೆ, ಆಮೇಲೆ ಊರಾಚೆಯ ನೀರಿನ ಟ್ಯಾಂಕನ್ನು ಸುತ್ತಿ ಬರುವಷ್ಟು. ಭಾನುವಾರ ಬಂತೆಂದರೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಜೊತೆಗೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಎಪ್ಪತ್ತರ ಹತ್ತಿರದವರು, ಒಣಕಲು ಮೈ, ಸೊಂಟಕ್ಕೆ ಕಟ್ಟಿದ ನೀರಿನ ಬಾಟಲಿ. ಓಡುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ತೂಕ ನೋಡಿಕೊಳ್ಳುವ ಮನುಷ್ಯ. ಇಳಿದದ್ದೆಲ್ಲ ಬೆವರು, ಅದನ್ನು ಮೈಗೆ ವಾಪಸ್ ಕೊಡಬೇಕು ಎನ್ನುತ್ತಾರೆ. ಬಾಯಾರಲಿ ಬಿಡಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ತಾಸು ಮೀರಿದರೆ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ. ಒಂದೇ ಸಲ ಗಟಗಟ ಹೊಟ್ಟೆ ತುಂಬಿಸಿಕೊಳ್ಳುವುದೂ ತಪ್ಪೇ.

ನನ್ನ ತಮ್ಮ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಅದಕ್ಕೆ ಕಾರಣ ಲಿಫ್ಟು. ಅವನು ಎರಡು ನಿಮಿಷ ಆಚೆ ಹೋದರೆ ಅಷ್ಟೂ ಮಹಡಿಯವರು ಗಂಟೆ ಒತ್ತುತ್ತಾರೆ, ಶೌಚಾಲಯವೋ ಕಟ್ಟಡದ ಹಿಂಬದಿಗಿದೆ. ಹಾಗಾಗಿ ಬೆಳಿಗ್ಗೆ ಅರ್ಧ ಲೋಟ, ಮಧ್ಯಾಹ್ನ ಅರ್ಧ ಲೋಟ, ಮುಗಿಯಿತು. ಇಪ್ಪತ್ತು ವರ್ಷದಲ್ಲಿ ಅವನಿಗೆ ಬಾಯಾರುವುದೇ ಮರೆತುಹೋಗಿತ್ತು. ಆ ಪೆದ್ದ ಅದನ್ನೇ ತನ್ನ ತಾಕತ್ತು ಅಂದುಕೊಂಡಿದ್ದ.

ನನ್ನ ವಿಷಯವನ್ನೂ ಹೇಳಬೇಕು, ಕತೆ ಸಿಕ್ಕುಬಿದ್ದದ್ದು ಅಲ್ಲೇ. ನಾನು ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಎರಡು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಕುರ್ಚಿಯಲ್ಲಿ ನಾಲ್ಕು ತಾಸು. ತೋಳಿಗೆ ಎರಡು ಸೂಜಿ, ಪಕ್ಕದಲ್ಲಿ ರಕ್ತ ತೊಳೆಯುವ ಯಂತ್ರ. ಟೀ, ಹಾಲು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರ ಮೇಲೆ ಒಂದು ಹನಿ ಇಲ್ಲ. ಗಂಡನ ರಕ್ತದ ಗುಂಪು ಹೊಂದಲಿಲ್ಲ, ತಮ್ಮನದು ಹೊಂದಿತು. ಒಂದು ಕಿಡ್ನಿ ತಾನು ಕೊಡುತ್ತೇನೆ ಎಂದು ಅವನೇ ಬಾಯಿಬಿಟ್ಟು ಹೇಳಿದ. ಹೇಳಿದವನೇ ಎದ್ದುಹೋಗಿ ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ಬಂದ. ಅವನ ಹೆಂಡತಿ ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ.

ಮೂರು ತಿಂಗಳು ಪರೀಕ್ಷೆಗಳು ನಡೆದವು. ಎಲ್ಲದರಲ್ಲೂ ಪಾಸಾದ. ಕೊನೆಯದು ಒಂದು ಸೋಮವಾರ ಬೆಳಿಗ್ಗೆ, ರಕ್ತ ಮತ್ತು ಮೂತ್ರದ್ದು. ಹಿಂದಿನ ದಿನ ಸುಮ್ಮನೆ ಮನೆಯಲ್ಲಿರಬಾರದೆ? ಓಡಲು ಹೋದ. ಪೋಸ್ಟ್‌ಮ್ಯಾನ್ ನೆಗಡಿಯೆಂದು ಮಲಗಿದ್ದರು, ತಡೆಯುವವರು ಯಾರೂ ಇರಲಿಲ್ಲ. ಬಿಸಿಲೇರಿದ ಮೇಲೆ ಮನೆಗೆ ಬಂದಾಗ ಅಂಗಿಯ ತುಂಬ ಉಪ್ಪಿನ ಬಿಳಿ ಗೆರೆಗಳಿದ್ದವಂತೆ. ಮೂವತ್ತು ಕಿಲೋಮೀಟರ್, ಅದೂ ಹೊರಡುವಾಗ ಕುಡಿದ ಅರ್ಧ ಲೋಟ ನೀರಿನ ಮೇಲೆ.

ಮಂಗಳವಾರ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಮೂತ್ರದಲ್ಲಿ ರಕ್ತ ಕಂಡಿದೆ, ರಕ್ತದ ಪರೀಕ್ಷೆಯೂ ಚೆನ್ನಾಗಿಲ್ಲ, ಇವರ ಕಿಡ್ನಿಯೇ ದಣಿದಂತಿದೆ, ಇವರಿಂದ ತೆಗೆಯುವುದು ಬೇಡ ಎಂದರು. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಯಾರೂ ಇರಲಿಲ್ಲ. ತಮ್ಮ ಆಗಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದ.

ಭಾನುವಾರದ ಓಟದ ಸುದ್ದಿ ನನಗೆ ಅವನ ಹೆಂಡತಿಯಿಂದ ತಿಳಿದದ್ದು ಬುಧವಾರ. ಅದೇ ದಿನ ನನ್ನ ಪಕ್ಕದ ಕುರ್ಚಿಯ ರೋಗಿಯೊಬ್ಬರು, ಪರೀಕ್ಷೆಯ ಮುಂಚೆ ಮೈಯನ್ನು ಹಾಗೆ ಹಿಂಡಿದರೆ ಫಲಿತಾಂಶ ಕೆಡುತ್ತದೆ ಎಂದರು. ನನಗೆ ತಲೆಗೇರಿತು. ಬೇಕೆಂದೇ ಮಾಡಿದ್ದಾನೆ ಎಂದುಕೊಂಡೆ. ಡಾಕ್ಟರಿಗೆ ನಾನೇ ಹೇಳಬಹುದಿತ್ತು. ಹೇಳಲಿಲ್ಲ. ತಪ್ಪಿಸಿಕೊಂಡವನನ್ನು ಎಳೆದು ತಂದು ಕಿತ್ತುಕೊಳ್ಳುವಂಥ ವಸ್ತುವೇ ಕಿಡ್ನಿ? ಲಿಫ್ಟಿನಲ್ಲಿದ್ದವನಿಗೆ ಫೋನ್ ಮಾಡಿದೆ.

"ಇಷ್ಟ ಇಲ್ಲ ಅಂದಿದ್ರೆ ಸಾಕಿತ್ತು. ಓಡಿ ಓಡಿ ತಪ್ಪಿಸ್ಕೊಳ್ಬೇಕಿತ್ತಾ?" ಎಂದೆ.

ಆ ಕಡೆ ಲಿಫ್ಟಿನ ಗಂಟೆಗಳು ಬಡಿದುಕೊಳ್ಳುತ್ತಿದ್ದವು. ಹತ್ತನೇ ಮಹಡಿಯವರು ಕರೆಯುತ್ತಿದ್ದಾರೆ ಎಂದು ಹೇಳಿ ಫೋನ್ ಇಟ್ಟುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಅಂದು ಸಂಜೆ ಮನೆಗೆ ಬಂದವರ ಮುಂದೆಲ್ಲ ಅವನನ್ನು ಪುಕ್ಕಲ ಎಂದು ಬಾಯಿಗೆ ಬಂದಂತೆ ಆಡಿಕೊಂಡೆ. ಬಟ್ಟೆ ಹೊಲಿಯಲು ಕೂತರೆ ಹೊಲಿಗೆ ಸೊಟ್ಟ, ಬಿಚ್ಚಿದರೆ ಮತ್ತೆ ಸೊಟ್ಟ. ಗುರುವಾರವೂ ಹಾಗೇ ಕಳೆಯಿತು.

ಶುಕ್ರವಾರ ನಾನು ಆಸ್ಪತ್ರೆಯ ಕುರ್ಚಿಯಲ್ಲಿದ್ದಾಗ ಡಾಕ್ಟರು ಬಂದು ನಿಂತರು. ಹಿಂದಿನ ದಿನ ನನ್ನ ತಮ್ಮ ಅವರನ್ನು ಹುಡುಕಿಕೊಂಡು ಬಂದಿದ್ದನಂತೆ. ಒಂದೂವರೆ ತಾಸು ಪಡಸಾಲೆಯ ಉದ್ದಕ್ಕೂ ಅಡ್ಡಾಡಿ ನರ್ಸುಗಳ ಕೈಲಿ ಬೈಸಿಕೊಂಡನಂತೆ. ಮೂವತ್ತು ಕಿಲೋಮೀಟರು, ಅರ್ಧ ಲೋಟ ನೀರು, ಅಂದು ಮಧ್ಯಾಹ್ನ ಮೂತ್ರ ಕಡು ಟೀ ಬಣ್ಣಕ್ಕೆ ಬಂದದ್ದು, ಒಂದನ್ನೂ ಬಿಡದೆ ಹೇಳಿದ್ದ. ನೀರಿಲ್ಲದೆ ಅಷ್ಟು ದೂರ ಓಡಿದವರಲ್ಲಿ ಹೀಗಾಗುವುದುಂಟು, ಕಿಡ್ನಿ ಚೆನ್ನಾಗಿಯೇ ಇರಬಹುದು ಎಂದು ಡಾಕ್ಟರು ನನಗೆ ವಿವರಿಸಿದರು. ಹತ್ತು ದಿನ ಓಟ ಬಂದ್, ಹೊತ್ತುಹೊತ್ತಿಗೆ ನೀರು, ಆಮೇಲೆ ಮತ್ತೆ ಪರೀಕ್ಷೆ.

ಬಾಯಿ ಮುಚ್ಚಿಕೊಂಡಿದ್ದರೆ ಅವನು ಪಾರಾಗುತ್ತಿದ್ದ. ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ತಾನಾಗಿ ಹೋಗಿ ಬಾಗಿಲು ತೆರೆಸಿದ್ದ. ನನಗೆ ಇನ್ನೂ ಎರಡೂವರೆ ತಾಸು ಬಾಕಿಯಿತ್ತು. ಸೂಜಿ ಕಿತ್ತೆಸೆದು ಓಡಿಹೋಗೋಣ ಅನ್ನಿಸಿತು. ಗೋಡೆಯ ಗಡಿಯಾರ ನೋಡಿದೆ, ಬಾಗಿಲು ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಕೂರಲಾರದವರ ಸಂಕಟ ಏನೆಂದು ನನಗೆ ಅಂದು ಅರ್ಥವಾಯಿತು.

ಆ ಹತ್ತು ದಿನ ಅವನ ಮನೆಯವರ ಪಾಡು ಯಾರಿಗೂ ಬೇಡ. ಓಡುವಂತಿಲ್ಲವಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸತೊಡಗಿದ. ಸರಿಯಾಗಿದ್ದ ಫ್ಯಾನು ಕೆಟ್ಟಿತು. ಪೋಸ್ಟ್‌ಮ್ಯಾನ್ ದಿನಾ ಮಧ್ಯಾಹ್ನ ಲಿಫ್ಟಿಗೇ ಬಂದು, ಅವನ ಬಾಟಲಿಯಲ್ಲಿ ನೀರು ಎಷ್ಟಿಳಿದಿದೆ ಎಂದು ನೋಡಿ ಹೋಗುತ್ತಿದ್ದರಂತೆ. ಗಂಟೆಗೊಮ್ಮೆ ಲಿಫ್ಟ್ ನಿಲ್ಲುತ್ತಿತ್ತು, ಕಚೇರಿಯವರು ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ. ತಪ್ಪಾಯಿತು ಎನ್ನಲು ನನ್ನ ಜಂಬ ಬಿಡಲಿಲ್ಲ, ಪರೀಕ್ಷೆ ಏನಾಗುವುದೋ ಎಂಬ ದಿಗಿಲೂ ಬಿಡಲಿಲ್ಲ.

ಪರೀಕ್ಷೆ ಸರಿಯಾಗಿ ಬಂತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದರು. ಅದು ಅವರ ಕ್ರಮವಂತೆ. ಕೊಡುವವರನ್ನು ಒಂಟಿಯಾಗಿ ಕೇಳುತ್ತಾರೆ. ಮನಸ್ಸಿಲ್ಲ ಎಂದರೆ, ಹೊಂದಲಿಲ್ಲ ಎಂದಷ್ಟೇ ಹೊರಗೆ ತಿಳಿಸುತ್ತಾರೆ, ಯಾರಿಗೂ ಗುಟ್ಟು ಗೊತ್ತಾಗುವುದಿಲ್ಲ. ಒಳಗೆ ಹೋದವನು ಬೇಗ ಬರಲಿಲ್ಲ. ಬಂದವನು ಕೈಯಲ್ಲಿ ಕಾಗದ ಹಿಡಿದುಕೊಂಡು ನನ್ನ ಮುಂದೆ ನಿಂತ.

"ಅಕ್ಕಾ, ನೀನಂದಿದ್ದು ಪೂರ್ತಿ ಸುಳ್ಳಲ್ಲ. ಅವತ್ತು ಹೆದರಿಕೆಗೇ ಓಡಿದ್ದು. ಅರ್ಧ ದಾರೀಲಿ ವಾಪಸ್ ತಿರುಗ್ಬೇಕಾ ಬೇಡ್ವಾ ಅಂತ ನಿಂತಿದ್ದೆ. ಆಗಲ್ಲ ಅಂತ ಡಾಕ್ಟರ್ ಅಂದಾಗ ಒಳಗೊಳಗೇ ಖುಷಿ ಆಯ್ತು. ಎರಡು ದಿನ ಖುಷಿಯಾಗೇ ಇದ್ದೆ."

"ಈಗ?" ಎಂದೆ.

"ಈಗಲೂ ಹೆದರಿಕೆ ಇದೆ. ಒಳಗೂ ಅದನ್ನೇ ಹೇಳಿದೆ. ಹೆದರಿಕೆ ಇದೆ, ಆದ್ರೂ ಕೊಡ್ತೀನಿ, ಎರಡನ್ನೂ ಬರ್ಕೊಳ್ಳಿ ಅಂದೆ."

ನನಗೆ ನಾಚಿಕೆಯಾಯಿತು, ಅವನ ಮೇಲೆ ಅಕ್ಕರೆ ಉಕ್ಕಿ ಬಂತು, ಕಣ್ಣು ಮಂಜಾಯಿತು.

"ತಪ್ಪಾಯ್ತು ಕಣೋ," ಎಂದೆ. "ನಂಗೂ ಹೆದರಿಕೆನೇ, ನಿಂದು ತಗೊಳ್ಳೋಕೆ."

"ಗೊತ್ತು," ಎಂದ. ಕಾಗದವನ್ನು ನನ್ನ ಮಡಿಲಲ್ಲಿಟ್ಟು ನಾನು ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದ.