ಹೆಸರು ಹೇಳದೆ ಹಕ್ಕಿ ತೋರಿಸುವ ಖೆತಿವೆ

ಬೆಳಗಿನ ಮಂಜಿನಲ್ಲಿ ಹುಲ್ಲುಗಾವಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಖೆತಿವೆ ಮಬಾಸೊ ಹೆಗಲಿಗೆ ಕಂಬಳಿ ಹೊದ್ದು, ಕಣ್ಣು ಮುಚ್ಚಿ ನಿಂತಿದ್ದಾರೆ. ಮೇಲೆಲ್ಲೋ ಬೀಗದ ಕೈಗೊಂಚಲು ಅಲುಗಿದಂಥ ಸದ್ದು. ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಹಾರಿಬಂದು ಹುಲ್ಲಿನೊಳಗೆ ಬೀಳುತ್ತದೆ. ಅವರ ಮಾರ್ಗದರ್ಶಿ ಪರೀಕ್ಷೆಗೆ ಬಂದಿರುವ ಪರೀಕ್ಷಕ ಎನ್‌ಗುಬಾನೆ ಅತ್ತ ಓಡುತ್ತಾನೆ. ಅಲ್ಲೇನೂ ಇಲ್ಲ.

"ಬಿದ್ದ ಜಾಗದಲ್ಲಿ ಅವರು ಯಾವತ್ತೂ ಇರಲ್ಲ ತಮ್ಮಾ. ಇಳಿದ ಕೂಡ್ಲೇ ಹುಲ್ಲಿನ ಬುಡದಲ್ಲೇ ನಡ್ಕೊಂಡು ಹೋಗ್ಬಿಡ್ತಾರೆ. ನೀರಿಗೆ ಬರ್ತಾರೆ, ಕೂತ್ಕೊ," ಎನ್ನುತ್ತಾರೆ ಖೆತಿವೆ.

'ಅವರು' ಅಂದರೆ ಆ ಹಕ್ಕಿ. ಹೊರಗಿನಿಂದ ಬಂದು ಈ ಜುಲು ಊರಲ್ಲಿ ಒಂಬತ್ತು ವರ್ಷ ಕಳೆದಿದ್ದರೂ ನಾನು ಈ ಮನೆಯ ಸೊಸೆಯಲ್ಲ, ಹಾಗಾಗಿ ಹೇಳಬಹುದು: ನೊಂಕ್ವೆ. ಖೆತಿವೆಯವರ ಮಾವನಿಗೂ ದನ ಕಾಯುವ ವಯಸ್ಸಿನಲ್ಲಿ ಬಿದ್ದ ಹೆಸರು ಅದೇ. ಜುಲು ಸೊಸೆ ಮಾವನ ಹೆಸರೆತ್ತುವುದಿಲ್ಲ.

ಹೋದ ವರ್ಷದ ಪರೀಕ್ಷೆಯಲ್ಲಿ ಅವರು ಆ ಹೆಸರೆತ್ತದ್ದಕ್ಕೆ ಇನ್ನೊಬ್ಬ ಪರೀಕ್ಷಕ 'ಹಕ್ಕಿಯ ಹೆಸರು ಗೊತ್ತಿಲ್ಲ' ಎಂದು ಬರೆದುಕೊಂಡು ಹೋದ. ಕೂಗು ಕೇಳಿಯೇ ನೂರಾ ಅರವತ್ತು ಹಕ್ಕಿ ಗುರುತಿಸುವವರ ಬಗ್ಗೆ! ಮಾರ್ಗದರ್ಶಿಯ ಪರವಾನಗಿ ಇಲ್ಲದ ಕಾರಣ ಹನ್ನೊಂದು ವರ್ಷದಿಂದ ಅವರು ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡೆಯುವುದು ಬೇರೆಯವರ ಹಿಂದೆ, ಪ್ರವಾಸಿಗರ ಮಡಚುವ ಕುರ್ಚಿ ಹೊತ್ತು. ಹಕ್ಕಿ ಹುಡುಕುವುದು ಇವರು, ಹೆಸರು ಹೇಳಿ ಕೈಕುಲುಕಿಸಿಕೊಳ್ಳುವುದು ಮುಂದಿರುವ ಮಾರ್ಗದರ್ಶಿ. ಈ ಸಲವೂ ತಪ್ಪಿದರೆ ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ.

"ಮಾವ ನಿನ್ನೆ ಅಂದ್ರು, ಒಂದಿನ ಹೇಳ್ಬಿಡಮ್ಮ, ನಾನೇನು ಸವೆದು ಹೋಗ್ತೀನಾ ಅಂತ," ಖೆತಿವೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. "ಇಪ್ಪತ್ತಾರು ವರ್ಷ ಕಾಪಾಡಿದ್ದನ್ನ ಒಂದು ಪರವಾನಗಿ ಕಾರ್ಡಿಗೋಸ್ಕರ ಬಿಡಕ್ಕಾಗುತ್ತಾ ಅಕ್ಕಾ?"

ದನಗಳ ಗೊರಸು ಕೆಸರಲ್ಲಿ ಊರಿದ ಗುಳಿಗಳಲ್ಲಿ ನೀರು ನಿಂತಿದೆ. ನಾವು ಅದರ ಪಕ್ಕ ಕುಳಿತಿದ್ದೇವೆ. ಮಂಜು ನಮ್ಮನ್ನು ದಾಟಿ ಹೋಗುತ್ತದೆ, ಮತ್ತೆ ಬರುತ್ತದೆ. ಗಂಟೆ ಎಷ್ಟಾಯಿತೋ ತಿಳಿಯದು. ಎನ್‌ಗುಬಾನೆ ಎರಡು ಸಲ ಆಕಳಿಸುತ್ತಾನೆ. ಖೆತಿವೆ ಅವನ ಮೊಣಕೈ ಮುಟ್ಟಿ ಗದ್ದದಿಂದಲೇ ತೋರಿಸುತ್ತಾರೆ.

ಅವನ ಬೂಟಿನಿಂದ ಒಂದು ಮಾರು ದೂರದಲ್ಲಿ ಹುಲ್ಲಿನ ಬುಡದಿಂದ ಅದು ನಡೆದು ಬರುತ್ತದೆ. ಕೆಂಪು ಕೊಕ್ಕು, ಕಣ್ಣ ಸುತ್ತ ಬಿಳಿ, ಎದೆಯ ಮೇಲೆ ಗೆರೆಗಳು. ಗೊರಸಿನ ಗುಳಿಯಲ್ಲಿ ಕೊಕ್ಕು ಅದ್ದಿ ಕುಡಿಯುತ್ತದೆ.

"ನೊಂಕ್ವೆ!" ಎನ್‌ಗುಬಾನೆ ಪಿಸುಗುಟ್ಟುತ್ತಾನೆ.

"ಹ್ಞೂಂ, ಅವರೇ," ಅನ್ನುತ್ತಾರೆ ಖೆತಿವೆ.

ಹಕ್ಕಿ ಹೋದಮೇಲೂ ಅವನು ಆ ಗುಳಿಯನ್ನೇ ನೋಡುತ್ತಿದ್ದಾನೆ. "ಇಷ್ಟು ವರ್ಷ ಇದನ್ನ ಹಾರೋವಾಗ ಬಿಟ್ರೆ ನೋಡೇ ಇರ್ಲಿಲ್ಲ. ನಮ್ಮಮ್ಮನೂ ತಾತನ ಹೆಸರು ಕೊನೇವರೆಗೂ ಹೇಳ್ಲಿಲ್ಲ," ಎನ್ನುತ್ತ ಪರೀಕ್ಷೆಯ ಹಾಳೆಯಲ್ಲಿ ಉಳಿದಿದ್ದ ಆ ಕೊನೆಯ ಸಾಲಿಗೆ ತೇರ್ಗಡೆಯ ಗುರುತು ಹಾಕಿ ಸಹಿ ಮಾಡುತ್ತಾನೆ.

ಈಗೇನು ಆಸೆ ಎಂದು ಕೇಳುತ್ತೇನೆ. ಖೆತಿವೆ ಕಂಬಳಿ ಕೊಡವಿ ಏಳುತ್ತಾರೆ.

"ಇಷ್ಟು ವರ್ಷ ಬರೀ ಬೇರೆಯವರ ಬೆನ್ನು ನೋಡ್ಕೊಂಡು ನಡೆದಿದ್ದೀನಿ ಅಕ್ಕಾ. ನಾಳೆ ಮುಂದೆ ನಡೀಬೇಕು, ಹುಲ್ಲು ನೋಡ್ಕೊಂಡು."