ಹಿಂದಿನ ಸೀಟಿನ ವಿಮೆ

1986ರ ಜನವರಿ 18, ಶನಿವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಫ್ರೀಮಾಂಟಿನ ನಮ್ಮ ಮನೆಯ ಗ್ಯಾರೇಜಿನ ಬಾಗಿಲನ್ನು ನಾನು ಮೇಲಕ್ಕೆತ್ತಿದೆ. ಅಣ್ಣ ಹೋದ ಮೇಲೆ, ಅಂದರೆ ಅರವತ್ತೇಳು ದಿನಗಳಲ್ಲಿ, ಅದನ್ನು ತೆರೆದದ್ದು ಅದೇ ಮೊದಲು. ಒಳಗೆ ಟ್ರೈಲರಿನ ಮೇಲೆ, ನೀಲಿ ಟಾರ್ಪಾಲಿನ ಕೆಳಗೆ, ಅವನ ಸ್ನೋಮೊಬೈಲ್ ಇತ್ತು. ಅದರ ವಿಮೆ ತಿಂಗಳ ಕೊನೆಗೆ ಮುಗಿಯುವುದಿತ್ತು. ಎಷ್ಟು ಕವರೇಜ್ ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅತ್ತಿಗೆ ಆ ದಿನವೇ ಹೇಳಬೇಕಾಗಿತ್ತು. ವಿಮೆ ಏಜೆಂಟರು ಮನೆಮುಂದಿನ ಡ್ರೈವ್‌ವೇಯಲ್ಲಿ ಫೈಲು ಹಿಡಿದು ನಿಂತಿದ್ದರು.

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಸ್ಕೂಟರು ಎಂದುಕೊಳ್ಳಿ. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಇಬ್ಬರು ಕೂರುವಷ್ಟು ಉದ್ದದ ಸೀಟು. ಟೆಕ್ಸಸ್ಸಿಗೆ ಹೊರಟಿದ್ದ ಆಫೀಸಿನ ಗೆಳೆಯನಿಂದ ಅಣ್ಣ ಅದನ್ನು 1984ರ ನವೆಂಬರಿನಲ್ಲಿ ಕೊಂಡ. ಫ್ರೀಮಾಂಟಿನಲ್ಲಿ ಹಿಮ ಬೀಳುವುದಿಲ್ಲ. ಹಿಮ ಬೇಕೆಂದರೆ ನಾಲ್ಕು ಗಂಟೆ ಕಾರು ಓಡಿಸಿ ಟ್ರಕೀ ಕಡೆಯ ಬೆಟ್ಟ ಹತ್ತಬೇಕು. ಆ ವಾರ ಊಟಕ್ಕೆ ಬಂದ ಗೆಳೆಯರೊಬ್ಬರು ಗ್ಯಾರೇಜಿನಲ್ಲಿ ಅದನ್ನು ನೋಡಿ, "ಯಾಕ್ ಸಾರ್, ಒಂಟೆ ಸಿಗ್ಲಿಲ್ವಾ?" ಎಂದು ಕೇಳಿದರು.

"ಸಿಕ್ತು. ಒಂಟೆಗೆ ಇನ್ಶೂರೆನ್ಸ್ ಕೊಡಲ್ಲ ಅಂದ್ಬಿಟ್ರು," ಎಂದ ಅಣ್ಣ.

ನಾನು ಅದೇ ವರ್ಷ ಸ್ಯಾನ್ ಹೋಸೆಯಲ್ಲಿ ಓದಲು ಬಂದು ಅಣ್ಣ ಅತ್ತಿಗೆಯ ಜೊತೆ ಇದ್ದೆ. ನನಗೆ ಹೈಸ್ಕೂಲಿನಿಂದಲೂ ಡೈರಿಯ ಅಭ್ಯಾಸ. ಹೊರಟ ಹೊತ್ತು, ತಲುಪಿದ ಹೊತ್ತು, ಯಾರು ಬಂದರು, ಯಾರು ಬರಲಿಲ್ಲ, ಎಲ್ಲವನ್ನೂ ಬರೆಯುತ್ತೇನೆ. ಹಾಗಾಗಿ ಸ್ನೋಮೊಬೈಲಿಗೂ ಒಂದು ಪುಟ್ಟ ಪುಸ್ತಕ ಇಟ್ಟೆ. ಆ ಚಳಿಗಾಲದಲ್ಲಿ ಐದು ಪ್ರಯಾಣ. ಅಣ್ಣನ ಹಿಂದೆ ಕೂತವರು ಹದಿನೇಳು ಜನ. ಒಟ್ಟು ನಲವತ್ತೊಂದು ಸುತ್ತು, ಅದರಲ್ಲಿ ನನ್ನವು ಒಂಬತ್ತು. ಅತ್ತಿಗೆಯ ಸಾಲಿನಲ್ಲಿ ಐದು ಪ್ರಯಾಣಕ್ಕೆ ಐದು ಅಡ್ಡಗೆರೆ, ಅಂದರೆ ಒಮ್ಮೆಯೂ ಕೂರಲಿಲ್ಲ. ಅವರಿಗೆ ಎಂಜಿನ್ನಿನ ಶಬ್ದ ಕೇಳಿದರೇ ಕೈ ತಣ್ಣಗಾಗುತ್ತಿತ್ತು. ಪ್ರತಿ ಸಲವೂ ಕಾರಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಕಾಯುತ್ತಿದ್ದರು.

1985ರ ನವೆಂಬರ್ 12, ಮಂಗಳವಾರ. ಅಣ್ಣ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕುಸಿದುಬಿದ್ದ. ಹೃದಯ ಎಂದರು. ಮೂವತ್ತಾರು ವರ್ಷ. ಅದಾದ ಮೇಲೆ ನನ್ನ ಡೈರಿಯಲ್ಲಿ ಇಪ್ಪತ್ತಮೂರು ಖಾಲಿ ಪುಟಗಳಿವೆ.

ಏಜೆಂಟರು ಉಡುಪಿ ಕಡೆಯವರು. ವಾರವಿಡೀ ಪಾಲೋ ಆಲ್ಟೋದ ಒಂದು ಆಫೀಸಿನಲ್ಲಿ ಕೆಲಸ, ಶನಿವಾರ ಭಾನುವಾರ ವಿಮೆ. ನಾನು ಕೊಟ್ಟ ಕಾಫಿಯನ್ನು ಕಿಟಕಿಯ ಅಂಚಿನಲ್ಲಿಟ್ಟು, ಫೈಲು ಬಿಡಿಸಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. ಪಾಲಿಸಿಯಲ್ಲಿ ಮೂರು ಭಾಗ. ಗಾಡಿ ಕಳುವಾದರೆ, ಸುಟ್ಟರೆ, ಜಖಂ ಆದರೆ ಒಂದು. ನಾವು ಬೇರೆಯವರಿಗೆ ಗುದ್ದಿದರೆ ಇನ್ನೊಂದು. ಹಿಂದೆ ಕೂತವರಿಗೆ ಪೆಟ್ಟಾದರೆ ಅವರ ಆಸ್ಪತ್ರೆ ಖರ್ಚಿಗೆ ಮೂರನೆಯದು.

"ಯಾವುದೂ ಕಡ್ಡಾಯ ಅಲ್ಲ ಅಕ್ಕಾ. ಆದ್ರೆ ಗಾಡಿ ಸುಮ್ನೆ ನಿಲ್ಲುವುದಾದ್ರೆ ಮೊದಲನೆಯದು ಒಂದು ಇರ್ಲಿ. ಕಳ್ಳರಿಗೆ ಗಾಡಿ ಓಡ್ತದೋ ಇಲ್ವೋ ಅಂತ ಎಂತ ಗೊತ್ತು? ಉಳಿದದ್ದು ತೆಗ್ದುಬಿಡುವ."

ನನಗೂ ಅದೇ ಸರಿ ಎನಿಸಿತ್ತು. ಹಿಂದಿನ ದಿನವೇ ಒಂದು ಹಾಳೆಯಲ್ಲಿ ಹಾಗೆಯೇ ಬರೆದಿಟ್ಟಿದ್ದೆ. ಅತ್ತಿಗೆ ಒಪ್ಪಿ ತಲೆಯಾಡಿಸಿದರು. ಏಜೆಂಟರು ಕ್ಯಾಮೆರಾ ತೆಗೆದರು. ಪಾಲಿಸಿ ಅಣ್ಣನ ಹೆಸರಿನಿಂದ ಅತ್ತಿಗೆಯ ಹೆಸರಿಗೆ ಬರುತ್ತಿದ್ದುದರಿಂದ ಆ ಮೊದಲ ಭಾಗಕ್ಕೆ ಮಾತ್ರ ಗಾಡಿಯ ನಂಬರಿನ ಹೊಸ ಫೋಟೋ ಬೇಕಿತ್ತು.

ಟಾರ್ಪಾಲು ಸರಿಸಿದೆವು. ನಂಬರು ಕೊರೆದ ತಗಡು ಬಲಗಾಲಿಡುವ ಜಾಗದ ಮೇಲಿತ್ತು. ಆದರೆ ನಂಬರು ಕಾಣಲಿಲ್ಲ. ಅದರ ಮೇಲೆ ಒಣಗಿದ ಗಂಧದ ಮೂರು ಗೆರೆ, ನಡುವೆ ಕುಂಕುಮ.

ಅಕ್ಟೋಬರಿನಲ್ಲಿ ಆಯುಧಪೂಜೆಯನ್ನು ನಾವು ಶನಿವಾರಕ್ಕೆ ಸರಿಸಿಕೊಂಡಿದ್ದೆವು. ಎರಡು ಕಾರು, ನನ್ನ ಟೈಪ್‌ರೈಟರು, ಅತ್ತಿಗೆಯ ಹೊಲಿಗೆ ಮಿಷನ್ನು, ಕೊನೆಗೆ ಇದು. "ಸ್ಕೂಟರಿಗಾದ್ರೆ ಹೆಡ್‌ಲೈಟಿನ ಮೇಲೆ ಹಚ್ಚಬಹುದು, ಇದಕ್ಕೆ ಹಣೆ ಎಲ್ಲಿದೆಯೋ," ಎಂದು ಅಣ್ಣ ಸುತ್ತಲೂ ಹುಡುಕಿ, ನುಣ್ಣಗೆ ಸಮತಟ್ಟಾಗಿ ಸಿಕ್ಕ ಆ ತಗಡಿನ ಮೇಲೆ ಮೂರು ಬೆರಳಲ್ಲಿ ಗಂಧ ಎಳೆದಿದ್ದ. ಹಿತ್ತಲಿನ ಮರದ ನಿಂಬೆಹಣ್ಣನ್ನು ಹಲಗೆಗಳ ಕೆಳಗೆ ಇಟ್ಟಿದ್ದ. ಗಾಡಿ ನೆಲದ ಮೇಲೆ ಓಡದ್ದರಿಂದ ಹಣ್ಣನ್ನು ತಾನೇ ಕಾಲಲ್ಲಿ ತುಳಿದು, "ಆಯ್ತು, ಓಡಿದ ಹಾಗೇ," ಎಂದಿದ್ದ. ಮೊದಲ ಹಿಮಕ್ಕೆ ಆ ಗಂಧ ತೊಳೆದುಹೋಗಬೇಕಿತ್ತು. ಮೊದಲ ಹಿಮ ಬೀಳುವಾಗ ಗಾಡಿ ಹೊರಗೆ ಹೋಗಲಿಲ್ಲ.

"ಒಂದು ಒದ್ದೆ ಬಟ್ಟೆ ಕೊಡಿ," ಎಂದು ಏಜೆಂಟರು ನನ್ನನ್ನು ಕೇಳಿದರು.

"ಒರೆಸ್ಬೇಡಿ," ಎಂದರು ಅತ್ತಿಗೆ.

"ಅಲ್ಲ ಅಕ್ಕಾ, ನಂಬರು ಕಾಣ್ಬೇಕಲ್ಲ."

"ಒರೆಸ್ಬೇಡಿ ಅಂದೆ."

ನಾನು ಬಗ್ಗಿ ನೋಡಿದೆ. ಗೆರೆಗಳ ಕೊನೆಯಲ್ಲಿ, ಬೆರಳು ಎತ್ತಿದ ಕಡೆ, ಗಂಧ ದಪ್ಪಗೆ ನಿಂತಿತ್ತು. ಅಲ್ಲಿ ಅಣ್ಣನ ಬೆರಳಿನ ಸುಳಿಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಆದರೂ ಹೇಳಿದೆ, "ಅತ್ತಿಗೆ, ಈ ಕವರೇಜ್ ಇಲ್ಲದೆ ಗಾಡಿ ಕಳುವಾದ್ರೆ ಏನೂ ಸಿಗಲ್ಲ."

"ಕಳುವಾದ್ರೆ ಏನು ಸಿಗಬೇಕೋ ಅದನ್ನ ಅವರು ಕೊಡ್ತಾರಾ? ಕೇಳು, ಇಲ್ಲೇ ನಿಂತಿದಾರೆ."

ಏಜೆಂಟರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. ಮೊದಲ ಭಾಗದ ಮೇಲೆ ಪೆನ್ನಿನಿಂದ ಗೀಟು ಹಾಕಿ, "ಹಾಗಾದ್ರೆ ಏನೂ ಬೇಡ. ಪೂರ್ತಿ ನಿಲ್ಲಿಸಿಬಿಡುವ," ಎಂದರು. ಪುಟ ತಿರುವಿದವರು, ಮಾತು ಬದಲಿಸಲು ಇರಬೇಕು, ಸ್ವಲ್ಪ ನಕ್ಕರು. "ಈ ಹಿಂದೆ ಕೂರುವವರದ್ದು ಉಂಟಲ್ಲ, ಇದು ಶುರುವಿನಲ್ಲಿ ಇರ್ಲೇ ಇಲ್ಲ. ಹೋದ ವರ್ಷ ಫೆಬ್ರವರಿ ಹದಿನಾಲ್ಕಕ್ಕೆ ಸೇರಿಸಿದ್ದು. ನಿಮ್ಮ ಯಜಮಾನ್ರು ಆಫೀಸಿಂದ ಫೋನ್ ಮಾಡಿದ್ರು. ಶನಿವಾರ ನಮ್ಮನೆಯವಳು ಕೂತ್ಕೋತೀನಿ ಅಂದಿದಾಳೆ, ಹೆದರ್ತಾಳೆ, ಇವತ್ತೇ ಮಾಡಿಕೊಡಿ ಅಂತ. ನಾನು ಹೇಳಿದೆ, ಎಂತ ಮಾರಾಯ್ರೆ, ಇಷ್ಟು ದಿನ ಕೂತವರು ಮನುಷ್ಯರಲ್ವಾ?"

ಆ ಹೊತ್ತಿಗೆ ನಾಲ್ಕು ಪ್ರಯಾಣಗಳಲ್ಲಿ ಹದಿನಾಲ್ಕು ಜನ, ನಾನೂ ಸೇರಿ, ಅಣ್ಣನ ಹಿಂದೆ ಕವರೇಜಿಲ್ಲದೆ ಕೂತಿದ್ದೆವು.

ಅತ್ತಿಗೆ ಟ್ರೈಲರಿನ ಅಂಚಿಗೆ ಕೂತರು. "ನನಗೆ ಹೇಳ್ಲೇ ಇಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪುಸ್ತಕದಲ್ಲಿ ಅವತ್ತು ನನ್ನ ಮುಂದೆ ಏನು ಬರ್ದಿದೀಯ?"

ಪುಸ್ತಕ ಕೈಯಲ್ಲೇ ಇತ್ತು. ಫೆಬ್ರವರಿ 16, ಶನಿವಾರ, ಐದನೆಯ ಪ್ರಯಾಣ. "ಅಡ್ಡಗೆರೆ, ಅತ್ತಿಗೆ," ಎಂದೆ.

"ನೀನು ಇರ್ಲಿಲ್ಲ ಆಗ."

ಇರಲಿಲ್ಲ. ಥರ್ಮಾಸಿನ ಮುಚ್ಚಳ ಒಡೆದಿತ್ತು. ಬಿಸಿನೀರಿಗೆಂದು ನಾನು ಹೆದ್ದಾರಿಯ ಪಕ್ಕದ ಅಂಗಡಿಗೆ ನಡೆದುಹೋಗಿದ್ದೆ. 2.10ಕ್ಕೆ ಹೊರಟು 2.50ಕ್ಕೆ ವಾಪಸು ಬಂದೆ ಎಂದು ಡೈರಿಯಲ್ಲಿದೆ. ಜೊತೆಗೆ ಬಂದಿದ್ದ ಮೂರು ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಆಚೆ ದಿಣ್ಣೆಗೆ ಜಾರಲು ಹೋಗಿದ್ದವು. ಯಾರೂ ನೋಡುವವರಿಲ್ಲ, ಬಾ ಎಂದು ಅಣ್ಣ ಅತ್ತಿಗೆಯನ್ನು ಕರೆದನಂತೆ.

"ಕೂತೆ ಕಣೇ," ಎಂದರು ಅತ್ತಿಗೆ. "ಗಟ್ಟಿಯಾಗಿ ಹಿಡ್ಕೊಂಡು, ಅವರ ಬೆನ್ನಿಗೆ ಮುಖ ಒತ್ತಿ ಕಣ್ಣು ಮುಚ್ಚಿಬಿಟ್ಟೆ. ಎಂಜಿನ್ ಶುರುವಾಯ್ತು, ಮೈಯೆಲ್ಲಾ ನಡುಗ್ತು. ಕಿರುಚಿದೆ ಅನ್ಸುತ್ತೆ. ನಿಂತಾಗ ಇಳಿದೆ. ಗಾಡಿ ಹೋಯ್ತೋ, ಅಲ್ಲೇ ನಿಂತು ಗುರ್ ಅಂತೋ, ನನಗೆ ಗೊತ್ತಿಲ್ಲ."

"ಅಣ್ಣ ಏನಂದ?"

"ಮರದ ತನಕ ಹೋಗಿ ಬಂದ್ವಿ ಅಂದ್ರು. ಅವರು ಹಾಗೆ ಹೇಳೋರೇ. ಚುಡಾಯಿಸೋಕೆ ಏನು ಬೇಕಾದ್ರೂ ಹೇಳೋರು."

ನಾನು ಒಳಗಿನಿಂದ ಹಿಂದಿನ ವರ್ಷದ ಡೈರಿ ತಂದು ಆ ದಿನದ ಕೊನೆಯ ಸಾಲುಗಳಿಗೆ ಹೋದೆ. "6.05. ಕಾರಿನಲ್ಲಿ ಅಣ್ಣ ಅತ್ತಿಗೆ ವಾದ. ವಿಷಯ: ಗಾಳಿ." ನಾನೇ ಬರೆದದ್ದು. ಬರೆದಾಗ ಅದರ ತಲೆಬುಡ ತಿಳಿದಿರಲಿಲ್ಲ. ಈಗ, ಅವತ್ತು ಕಾರಿನ ಹಿಂದಿನ ಸೀಟಿನಲ್ಲಿ ಅರೆನಿದ್ದೆಯಲ್ಲಿ ಕೇಳಿದ್ದ ಮಾತು ಒಂದೊಂದಾಗಿ ವಾಪಸು ಬಂತು.

"ಸುಳ್ಳು ಹೇಳ್ಬೇಡಿ ರೀ. ಗಾಡಿ ಓಡಿದ್ರೆ ಗಾಳಿ ಬರ್ಬೇಕಿತ್ತಲ್ಲ?"

"ಮುಖಾನ ನನ್ನ ಜಾಕೆಟ್ಟಿನೊಳಗೆ ಇಟ್ಕೊಂಡಿದ್ರೆ ಗಾಳಿ ಎಲ್ಲಿಂದ ಬರುತ್ತೆ?"

"ಗಾಡಿ ಬಿಟ್ಟೇ ಇಲ್ಲ ನೀವು."

"ಹಾಗಾದ್ರೆ ಮುಂದಿನ ವರ್ಷ ಕಣ್ಣು ಬಿಟ್ಕೊಂಡು ಕೂತ್ಕೋ. ಗೊತ್ತಾಗುತ್ತೆ."

ಇದನ್ನು ಓದಿ, ನೆನಪಾದಷ್ಟನ್ನು ಅತ್ತಿಗೆಗೆ ಹೇಳಿದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ಎದ್ದು ಸೀಟಿನ ಹಿಂಭಾಗದ ಮೇಲೆ ಅಂಗೈ ಇಟ್ಟು ನಿಂತರು. ಏಜೆಂಟರು ಡ್ರೈವ್‌ವೇಗೆ ಹೋಗಿ ರಸ್ತೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಅವರನ್ನು ಒಳಗೆ ಕರೆದರು.

"ಹಿಂದೆ ಕೂರೋರದ್ದು ಇರ್ಲಿ."

"ಅಕ್ಕಾ, ಗಾಡಿ ಓಡ್ಸುವವರೇ ಇಲ್ಲದೆ..."

"ಇರ್ಲಿ. ಎಷ್ಟು ಜಾಸ್ತಿ ಸಿಗುತ್ತೋ ಅಷ್ಟು ಹಾಕಿ."

ಅದನ್ನು ಒಂಟಿಯಾಗಿ ಕೊಡಲಾಗುವುದಿಲ್ಲವಂತೆ. ಬೇರೆಯವರಿಗೆ ಗುದ್ದಿದರೆ ಎಂಬ ಎರಡನೆಯ ಭಾಗ ಇದ್ದರೆ ಮಾತ್ರ ಮೂರನೆಯದು. ಅದನ್ನೂ ಕನಿಷ್ಠ ಮಟ್ಟಕ್ಕೆ ಸೇರಿಸಿದರು. ಓಡಿಸುವವರು ಯಾರು ಎಂಬ ಕಡೆ ಅತ್ತಿಗೆ ನನ್ನನ್ನು ತೋರಿಸಿದರು. ನಾನು ಅದನ್ನು ಎರಡೇ ಸಲ ಓಡಿಸಿದ್ದೆ, ಅದೂ ಅಣ್ಣ ಪಕ್ಕದಲ್ಲಿ ಓಡುತ್ತಾ ಬರುತ್ತಿದ್ದಾಗ. 11.35ಕ್ಕೆ ಸಹಿ ಆಯಿತು. ಗಾಡಿ ಕಳುವಾದರೆ, ಸುಟ್ಟರೆ ನಮಗೆ ಏನೂ ಬರುವುದಿಲ್ಲ. ಯಾರೂ ಕೂರದ ಹಿಂದಿನ ಸೀಟಿಗೆ ಮಾತ್ರ ಆ ಪಾಲಿಸಿಯಲ್ಲಿ ಸಿಗುವ ಅತಿ ಹೆಚ್ಚಿನ ಕವರೇಜ್ ಇದೆ. ನನ್ನ ಹಾಳೆಯಲ್ಲಿ ಬರೆದಿದ್ದಕ್ಕೆ ಸರಿಯಾಗಿ ತದ್ವಿರುದ್ಧ.

ಏಜೆಂಟರು ಹೋಗುವಾಗ ಗಾಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಾಫಿ ಕಿಟಕಿಯ ಮೇಲೆ ಹಾಗೇ ಉಳಿದಿತ್ತು.

ಟಾರ್ಪಾಲು ಹೊದಿಸುವಾಗ ಅದು ತಗಡಿಗೆ ತಾಗದಂತೆ ಅತ್ತಿಗೆ ಒಂದು ರಟ್ಟಿನ ಡಬ್ಬಿಯನ್ನು ಅಡ್ಡ ಇಟ್ಟರು. ನಾನು ಪೆನ್ಸಿಲ್ ತೆಗೆದು, "ಒಂದು ಸುತ್ತು ಅಂತ ಬರೀತೀನಿ ಅತ್ತಿಗೆ," ಎಂದೆ.

"ನನ್ನ ಸಮಾಧಾನಕ್ಕೆ ಬರೀಬೇಡ. ಹೋಗಿದ್ರೆ ಬರಿ."

ಅಂದಿನಿಂದ ವಿಚಾರಿಸುತ್ತಿದ್ದೇನೆ. ಜೊತೆಗೆ ಬಂದಿದ್ದ ಮೂರು ಕುಟುಂಬಗಳಿಗೂ ಫೋನ್ ಮಾಡಿದೆ. ಎಲ್ಲರೂ ದಿಣ್ಣೆಯ ಆಚೆ ಇದ್ದರು, ಯಾರೂ ನೋಡಿಲ್ಲ. ಒಬ್ಬರು, "ಹೋಗಿರ್ತಾರೆ ಬಿಡಮ್ಮ, ಹೋದ್ರು ಅಂತಲೇ ಹೇಳು," ಎಂದರು. ಹಾಗೆ ಹೇಳಲು ಆಗುವುದಿಲ್ಲ.

ಆದರೆ ಆ ದಿನ ನಮ್ಮ ಕಾರಿನ ಪಕ್ಕದಲ್ಲಿ ಇನ್ನೊಂದು ಕನ್ನಡ ಕುಟುಂಬವಿತ್ತು. ನಮಗೆ ಗುರುತಿಲ್ಲದವರು. ಬಿಳಿ ವ್ಯಾನು, ಗಂಡ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನಾವು ಮಾತಾಡುವುದನ್ನು ಕೇಳಿ ಆಕೆ ತಾವಾಗಿಯೇ ಬಂದು ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟರು, ನಾವು ಚಿತ್ರಾನ್ನ ಕೊಟ್ಟೆವು. ಹೆಸರು ಕೇಳಲಿಲ್ಲ. ಎಲ್ಲವನ್ನೂ ಬರೆದಿಡುವ ನಾನು ಅದನ್ನು ಬರೆಯಲಿಲ್ಲ. ಆತನ ಕೊರಳಲ್ಲಿ ಮೂವಿ ಕ್ಯಾಮೆರಾ ಇತ್ತು, ಮಕ್ಕಳು ಹಿಮದಲ್ಲಿ ಆಡುವುದನ್ನು ತೆಗೆಯುತ್ತಿದ್ದರು.

ಇದನ್ನು ಓದುತ್ತಿರುವ ನೀವು ಆ ವ್ಯಾನಿನವರೇ ಆಗಿದ್ದರೆ, ಅಥವಾ ಅವರನ್ನು ಬಲ್ಲವರಾಗಿದ್ದರೆ, ಈ ಪತ್ರಿಕೆಯ ಸಂಪಾದಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. 1985ರ ಫೆಬ್ರವರಿ 16, ಶನಿವಾರ, ಮಧ್ಯಾಹ್ನ ಎರಡು ಹತ್ತರಿಂದ ಎರಡು ಐವತ್ತರ ನಡುವೆ. ಕಪ್ಪು ಜಾಕೆಟ್ಟು ತೊಟ್ಟ ಎತ್ತರದ ಗಂಡಸು, ಹಿಂದೆ ಮೆರೂನ್ ಮಂಕಿ ಕ್ಯಾಪ್ ಹಾಕಿ ಮುಖ ಅಡಗಿಸಿಕೊಂಡ ಹೆಂಗಸು. ನಿಮ್ಮ ರೀಲಿನಲ್ಲಿ ಮಕ್ಕಳ ಹಿಂದೆ, ದೂರದಲ್ಲಿ, ಆ ಗಾಡಿ ಕಂಡರೆ ತಿಳಿಸಿ. ಓಡುತ್ತಿತ್ತೇ, ನಿಂತಿತ್ತೇ, ಅಷ್ಟು ಸಾಕು. ನಿಂತಿತ್ತು ಎಂದಾದರೂ ಬರೆಯಿರಿ.