ಅಳಿಸದೆ ಬಿಟ್ಟ ಸಾಲು

ಮೊನ್ನೆ ಲ್ಯಾಪ್‌ಟಾಪಿನ ಒಂದು ಕೀ ಒಳಗೇ ಸಿಕ್ಕಿಕೊಂಡು ಮೇಲೇಳಲೊಲ್ಲದೆ ಕೂತಿತು. ತಲೆಕೆಳಗು ಮಾಡಿ ತಟ್ಟಿದರೆ ಮೇಜಿನ ಮೇಲೆ ಉದುರಿದ್ದು ಹೊಗೆಸೊಪ್ಪಿನ ಪುಡಿ. ಮೂಗಿನ ಹತ್ತಿರ ಹಿಡಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದವರಿಗೆ ಈ ವಾಸನೆಯನ್ನು ವರ್ಣಿಸಬೇಕಾಗಿಲ್ಲ. ಮಿಕ್ಕವರಿಗೆ ಹೇಳುವುದಾದರೆ, ಬೆಲ್ಲದ ಪಾಕ ಒಂಚೂರು ಸೀದ ಹಾಗಿರುತ್ತದೆ. ನಾನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೂ ಈ ವಾಸನೆ ಬಂದರೆ ಊರಿನಲ್ಲಿ ಕೂತು ಉಂಡ ಹಾಗಾಗುತ್ತದೆ, ಏನು ಮಾಡಲಿ.

ಪುಡಿ ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕಾದರೆ ನನ್ನ ಉದ್ಯೋಗದ ಕಥೆಯನ್ನೂ ಒಂದಿಷ್ಟು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ನಮ್ಮ ನೆಂಟರಿಗೂ ಅದು ಪೂರ್ತಿ ಅರ್ಥವಾಗಿಲ್ಲ. ಆರು ವರ್ಷ ನಾನು ಕಣಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿದೆ. ಇರಬಹುದು ಎಂದು ಊಹಿಸಿದ್ದ ಒಂದು ಕಣವನ್ನು ಹುಡುಕುವುದು ನಮ್ಮ ಗುಂಪಿನ ಕೆಲಸ. ಕಣಗಳು ಡಿಕ್ಕಿ ಹೊಡೆದದ್ದನ್ನೆಲ್ಲ ಯಂತ್ರ ದಾಖಲಿಸುತ್ತಿತ್ತು, ಅದರಲ್ಲಿ ಬೇಡದ್ದನ್ನು ಆರಿಸಿ ಆಚೆ ಹಾಕುವುದು ನನ್ನ ಪಾಲು. ಆರಿಸಿ ಆರಿಸಿ ಕೊನೆಗೆ ಗೊತ್ತಾದದ್ದು, ನಾವು ಹುಡುಕಿದ ಕಡೆ ಅದು ಇಲ್ಲ ಅಂತ. ವಿಜ್ಞಾನದಲ್ಲಿ ಅದೂ ಉತ್ತರವೇ. ಆದರೆ ಶಿಷ್ಯವೇತನ ಮುಗಿದು, ಮುಂದಿನ ಹುದ್ದೆ ಎಲ್ಲೂ ಸಿಗದೆ, ತಲೆಗೂದಲು ನೆರೆಯತೊಡಗಿದವನು ಆ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕು?

ಆಗ ಬ್ಲಾಕ್‌ಚೈನ್ ಕೆಲಸದ ಸಣ್ಣ ಕಂಪನಿಯೊಂದು ಕರೆಯಿತು. ಬ್ಲಾಕ್‌ಚೈನ್ ಎಂದರೆ ಹೆದರಬೇಡಿ, ಅದೊಂದು ದಾಖಲೆ ಪುಸ್ತಕ. ಅದರ ಪ್ರತಿ ಸಾಲಿನೊಳಗೂ ಮೇಲಿನ ಸಾಲಿನ ಗುರುತು ಬೆಸೆದುಕೊಂಡಿರುತ್ತದೆ. ನಕಲುಗಳು ಹಲವರ ಬಳಿ ಇರುತ್ತವೆ. ಯಾರಾದರೂ ಹಿಂದಿನ ಒಂದು ಸಾಲನ್ನು ತಿದ್ದಿದರೆ ಅಲ್ಲಿಂದ ಕೆಳಗಿನದೆಲ್ಲ ಕಳಚಿಕೊಳ್ಳುತ್ತದೆ, ಮಿಕ್ಕವರ ನಕಲು ಚಾಡಿ ಹೇಳಿಬಿಡುತ್ತದೆ. ಯಾವ ಹೊಲದ ಹೊಗೆಸೊಪ್ಪು, ಬಿಸಿ ಗಾಳಿಯಲ್ಲಿ ಸೊಪ್ಪು ಬೇಯಿಸುವ ಯಾವ ಬ್ಯಾರನ್ನಿನಲ್ಲಿ ಬೆಂದದ್ದು, ಯಾವ ಗ್ರೇಡು ಎಂಬುದನ್ನು ಹೀಗೆ ಬರೆದಿಡುವ ಪ್ರಯೋಗ ನನ್ನ ಪಾಲಿಗೆ ಬಂತು. ಪಿರಿಯಾಪಟ್ಟಣದ ಬೆಳೆಗಾರರ ಸಂಘವೊಂದು ನೋಡಲು ಒಪ್ಪಿತ್ತು. ಅವರು ಬೇಡವೆಂದರೆ ಕೆಲಸವೂ ಇಲ್ಲ ಎಂದು ಕಂಪನಿ ಮೊದಲೇ ಹೇಳಿತ್ತು. ಫಿಸಿಕ್ಸ್ ಬಿಟ್ಟು ಬಂದವನಿಗೆ ಇದೂ ಕೈಬಿಟ್ಟರೆ ಊರಿಗೆ ಮುಖ ತೋರಿಸುವುದು ಹೇಗೆ ಎಂಬುದೇ ನನ್ನ ಚಿಂತೆ.

ಸೊಪ್ಪು ಎಂದರೆ ನನಗೆ ನೆನಪಾಗುವುದು ದೊಡ್ಡವ್ವ, ನನ್ನವ್ವನ ಅಕ್ಕ. ಬೆಟ್ಟದಪುರದ ಬೆಟ್ಟದ ಕೆಳಗಿನ ಹಳ್ಳಿಯವಳು. ಬೆಂದ ಸೊಪ್ಪನ್ನು ಬಣ್ಣ ನೋಡಿ ಆರಿಸುವುದರಲ್ಲಿ ಅವಳ ಮಾತೇ ಕೊನೆ. ಹಾಗೆಂದು ಒಬ್ಬಳೇ ತೀರ್ಮಾನ ಮಾಡುವವಳಲ್ಲ. ಅವಳ ಜಗಲಿಯಲ್ಲಿ ಎರಡು ಕಟ್ಟಳೆ ಇದ್ದವು. ಆರಿಸಿದವಳೇ ಕಂತೆ ಕಟ್ಟಬಾರದು, ಪಕ್ಕದವಳು ಎಲೆ ಬಿಡಿಸಿ ನೋಡಿ ಕಟ್ಟಬೇಕು. ಇನ್ನೊಂದು, ಹೊತ್ತು ವಾಲಿದ ಮೇಲೆ ಸೊಪ್ಪು ಮುಟ್ಟಬಾರದು. ಚಿಕ್ಕಂದಿನಲ್ಲಿ ಇದು ಮುದುಕಿಯರ ಮಡಿ ಎಂದುಕೊಂಡಿದ್ದೆ. ಓದಿದವರಿಗೆ ಎಷ್ಟೋ ವಿಷಯ ತಡವಾಗಿ ತಿಳಿಯುತ್ತದೆ.

ಸಂಘಕ್ಕೆ ತೋರಿಸುವ ಹಿಂದಿನ ದಿನ, ಅವಳ ಸೊಪ್ಪನ್ನೇ ಮೊದಲು ಬರೆಯೋಣವೆಂದು ಹೊರಟರೆ, ಬಸ್ಸು ಕೆಟ್ಟು ನಾನು ಹಳ್ಳಿ ತಲುಪಿದಾಗ ಸಂಜೆಯಾಗಿತ್ತು.

"ನಾಳೆ ಬೆಳಗಾಗಲಿ ಕಣಪ್ಪ. ಟೂಬ್‌ಲೈಟು ಸುಳ್ಳು ಯೋಳ್ತದೆ," ಎಂದಳು ದೊಡ್ಡವ್ವ.

"ಒಂದೇ ಒಂದು ಬೇಲು ದೊಡ್ಡವ್ವ. ಇವತ್ತು ಬರೀದಿದ್ರೆ ನಾಳೆ ತೋರ್ಸೋಕೆ ಏನೂ ಇರಲ್ಲ."

ಅವಳು ನನ್ನ ಮುಖ ನೋಡಿದಳು. ಮೂಟೆ ಕಟ್ಟಿದ ಬೇಲಿನಿಂದ ನಾಲ್ಕು ಎಲೆ ಎಳೆದು ದೀಪಕ್ಕೆ ಹಿಡಿದು, "ಊಂ, ನಿಂಬೆ ಬಣ್ಣವೇ ಇರ್ಬೇಕು, ಬರ್ಕೊ," ಎಂದಳು. ಲ್ಯಾಪ್‌ಟಾಪನ್ನು ಸೊಪ್ಪಿನ ಮೇಲೇ ಇಟ್ಟುಕೊಂಡು ಬರೆದೆ. ನನ್ನ ಪುಸ್ತಕದ ಮೊದಲ ಸಾಲು.

ಬೆಳಿಗ್ಗೆ ಅದೇ ಬೇಲನ್ನು ಅಂಗಳಕ್ಕೆ ತಂದು ಬಿಚ್ಚಿದರೆ ಎಲೆಯ ತುಂಬ ಹಸಿರು ಛಾಯೆ. ಬೇರೆಯದೇ ಗ್ರೇಡು. ನನ್ನ ಮೊದಲ ಸಾಲೇ ತಪ್ಪು.

"ಇದ್ಯಾಕ್ಲಾ ಮಕ ಇಂಗ್ ಮಾಡ್ಕಂಡಿದ್ದೀಯ?"

"ಏನಿಲ್ಲ ಬುಡು. ಎಲ್ಲಾ ಅಳಿಸಿ ಮೊದಲಿಂದ ಬರೀತೀನಿ."

"ಅಳ್ಸಕಾಗಾಕಿಲ್ಲ ಅಂತ ನೆನ್ನೆ ನೀನೇ ಯೋಳಿದ್ಯಲ್ಲ?"

"ನಕಲು ಬೇರೆಯೋರ ಹತ್ರ ಹೋದ್ ಮೇಲೆ ಆಗಲ್ಲ. ಈಗ ಎಲ್ಲಾ ನಕಲೂ ನನ್ನತ್ರಾನೇ ಅವೆ. ಯಾರಿಗೂ ಗೊತ್ತಾಗಲ್ಲ."

ದೊಡ್ಡವ್ವ ಸೊಪ್ಪನ್ನು ಕೆಳಗಿಟ್ಟಳು. "ಅಂಗಾದ್ರೆ ಆರ್ಸಿದೋನೂ ನೀನೇ, ಕಟ್ದೋನೂ ನೀನೇ."

ಪ್ರಯೋಗಾಲಯದಲ್ಲಿ ಆರು ವರ್ಷ ನಾನು ಪಾಲಿಸಿದ್ದೂ ಅದೇ ಕಟ್ಟಳೆ. ನಮ್ಮ ಫಲಿತಾಂಶವನ್ನು ನಾವೇ ಸರಿಯೆನ್ನುವಂತಿರಲಿಲ್ಲ, ಇನ್ನೊಂದು ಗುಂಪು ಬಿಡಿಸಿ ನೋಡಬೇಕಿತ್ತು. ನೋಟ್‌ಬುಕ್ಕಿನಲ್ಲಿ ತಪ್ಪು ಬರೆದರೆ ಹಾಳೆ ಹರಿಯುವಂತಿರಲಿಲ್ಲ. ಕೆಲಸ ಹೋಗುತ್ತದೆಂಬ ಭಯಕ್ಕೆ ಅದೆಲ್ಲ ಒಂದೇ ಗಳಿಗೆಯಲ್ಲಿ ಮರೆತುಹೋಗಿತ್ತಲ್ಲ ಎಂದು ನಾಚಿಕೆಯಾಯಿತು.

"ಕೆಳಗೆ ಇನ್ನೊಂದು ಸಾಲು ಬರಿ. ಮ್ಯಾಗ್ಲುದು ತಪ್ಪು ಅಂತ. ಯಾರು ತಪ್ಪು ಮಾಡಿದ್ರು ಅನ್ನಾದೂ ಬರಿ."

ಬರೆದೆ. ನನ್ನ ಹೆಸರನ್ನೂ ಹಾಕಿದೆ.

"ಇನ್ನೊಂದು ಬರಿ. ನೋಡಿ ಊಂ ಅಂದೋಳು ನಾನು ಅಂತ."

"ನಿನ್ ಹೆಸ್ರು ಯಾಕೆ ದೊಡ್ಡವ್ವ? ನಾನಲ್ವಾ ಅವಸರ ಮಾಡಿದ್ದು?"

"ಮದ್ವೆಯಾಗಿ ಬಂದಾಗ್ಲಿಂದ ಹೊತ್ತು ವಾಲಿದ್ ಮ್ಯಾಕೆ ಮುಟ್ದೋಳಲ್ಲ ನಾನು. ನೆನ್ನೆ ನಿನ್ ಮಕ ನೋಡಿ ಮುಟ್ದೆ. ಬರಿ."

ಊರಿಗೂರೇ ಒಪ್ಪಿದ ಕಣ್ಣು ಅವಳದು. ಆ ಹೆಸರಿಗೆ ಒಂದು ತಪ್ಪನ್ನು ಅವಳೇ ಕೇಳಿ ಅಂಟಿಸಿಕೊಂಡಳು, ನಾನು ಒಬ್ಬನೇ ನಿಲ್ಲಬಾರದೆಂದು. ಟೈಪು ಮಾಡುವಾಗ ಅಕ್ಷರ ಮಂಜಾಗಿ ಎರಡು ಸಲ ತಿದ್ದಿದೆ. ಆಮೇಲೆ ಸರಿಯಾದ ಗ್ರೇಡನ್ನು ಹಗಲು ಬೆಳಕಿನಲ್ಲಿ, ಪಕ್ಕದ ಮನೆಯವಳನ್ನೂ ಕರೆದು ತೋರಿಸಿ ಬರೆದೆವು.

ಸಂಘದ ಕಾರ್ಯದರ್ಶಿಗಳು ಕನ್ನಡಕ ಮೂಗಿಗಿಳಿಸಿ ಆ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ನಾನು ಚೀಲ ಕಟ್ಟುವುದೊಂದೇ ಬಾಕಿ ಎಂದುಕೊಂಡೆ. "ಎಲ್ಲಾ ಸರ್ಯಾಗದೆ ಅಂತ ತೋರ್ಸಕೆ ಬಾಳ ಜನ ಬತ್ತಾರೆ ಕಣ್ರೀ," ಎಂದರು. "ಒಂದು ನಕಲು ನಮ್ ಕಂಪ್ಯೂಟರ್‌ಗೂ ಆಕಿ."

ಅದೇ ಕೆಲಸ ಇವತ್ತಿಗೂ ಅನ್ನ ಹಾಕುತ್ತಿದೆ. ದೊಡ್ಡವ್ವನಿಗೆ ಕೃತಜ್ಞತೆ ಹೇಳಲು ಹೋದರೆ "ಉಣ್ಣೋಗು" ಅನ್ನುತ್ತಾಳೆ. ಅದಕ್ಕೇ ನಿಮ್ಮೆದುರಿಗೆ ಹೇಳುತ್ತಿದ್ದೇನೆ.

ಹೋದ ವಾರ ಹೆಗ್ಗಡದೇವನಕೋಟೆಯಲ್ಲಿ ಹತ್ತಿ ಬೆಳೆಯುವವರ ಸಭೆ. ಪುಸ್ತಕ ತೆರೆದು ತೋರಿಸಿದೆ. ಹಿಂದೆ ಕೂತಿದ್ದ ರೈತರೊಬ್ಬರು ಕೇಳಿದರು. "ಸುರುವಿನ ಸಾಲೇ ತಪ್ಪಾಗದೆಯಲ್ಲ ಸಾರ್. ಅದ ತಗ್ದು ತೋರ್ಸಬಾರ್ದ?"

"ಆಗಲ್ಲ. ಅದ ತೆಗೆದ್ರೆ ಕೆಳಗಿನದೆಲ್ಲ ಕಳಚ್ಕೊಳ್ತದೆ. ಮಿಕ್ಕಿದ್ದೆಲ್ಲ ನಿಂತಿರೋದೇ ಅದರ ಮೇಲೆ," ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಎಲ್ಲಿ ಹೋದರೂ ನನ್ನ ಪರಿಚಯ ಹೇಳುವಾಗ ಆ ಆರು ವರ್ಷವನ್ನು ಹಾರಿಸಿ, ಡಿಗ್ರಿ ಮುಗಿಸಿ ನೇರ ಕಂಪನಿಗೆ ಸೇರಿದವನ ಹಾಗೆ ಮಾತಾಡುತ್ತಿದ್ದೆ. ಆವತ್ತೂ ಹಾಗೇ ಶುರು ಮಾಡಿದ್ದೆ.

"ಒಂದು ತಪ್ಪು ಹೇಳಿದೆ, ತಿದ್ಕೊಳ್ತೀನಿ," ಎಂದು ಅವರಿಗೆ ಹೇಳಿದೆ. "ಇದಕ್ಕೆ ಮುಂಚೆ ಆರು ವರ್ಷ ನಾನು ಒಂದು ಕಣ ಹುಡುಕ್ತಿದ್ದೆ. ಸಿಗಲಿಲ್ಲ."